ಸೂಳೆಕೆರೆಯ ದೂರದ ನೆಂಟ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳವನ್ನು ತಡೆದು ನಿಲ್ಲಿಸಿದೆ. ಚಳಿಗಾಲದಲ್ಲಿ ಇಂಥ ದೊಡ್ಡ ನೀರನ್ನು ಹುಡುಕಿಕೊಂಡು ಉತ್ತರದ ದೇಶಗಳಿಂದ ಬರುವ ಹಕ್ಕಿಗಳಲ್ಲಿ ಆಸ್ಪ್ರೆಯೂ ಒಂದು. ಮೀನನ್ನೇ ನಂಬಿ ಬದುಕುವ ಈ ಗಿಡುಗ ಕಾಲು ಮುಂದೆ ಚಾಚಿ ನೀರಿಗೆ ಧುಮುಕುತ್ತದೆ.

ಇದರ ಮರಿ ಮೊದಲ ವಲಸೆಗೆ ತಂದೆತಾಯಿಯ ಜೊತೆಗೂಡದೆ ಒಂಟಿಯಾಗಿ ಹೊರಡುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 1995ರಿಂದಲೇ ಆಸ್ಪ್ರೆಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಮೀಟರ್ ಕಟ್ಟಿ, ಉಪಗ್ರಹದ ಮೂಲಕ ಅವುಗಳ ದಾರಿಯನ್ನು ಗುರುತಿಸತೊಡಗಿದರು. ಬಿಸಿಲಿನಿಂದ ಶಕ್ತಿ ಪಡೆಯುವ ಇಂದಿನ ಯಂತ್ರಗಳು ವರ್ಷಗಟ್ಟಲೆ ಸುದ್ದಿ ಕಳಿಸುತ್ತವೆ. ಸಾಮಾನ್ಯವಾಗಿ ಮರಿಹಕ್ಕಿ ಮೊದಲ ಬೇಸಿಗೆಯಲ್ಲಿ ತವರಿಗೆ ಮರಳದೆ, ಚಳಿಗಾಲ ಕಳೆದ ಸೀಮೆಯಲ್ಲೇ ಉಳಿಯುತ್ತದೆ ಎಂಬುದು ವಿಶೇಷ.

ಮಳೆ ಕೈಕೊಟ್ಟರೆ ಜಗಳೂರಿನ ಕೆರೆಗಳು ಬೇಗ ಬತ್ತುತ್ತವೆ. ಆಗ ಈ ಸೀಮೆಯಲ್ಲಿ ಮೀನುಗಿಡುಗಕ್ಕೆ ಆಸರೆಯೆಂದರೆ ಹೊನ್ನಾಳಿ, ನ್ಯಾಮತಿ ಕಡೆಯ ತುಂಗಭದ್ರೆಯ ಮಡುಗಳು ಮತ್ತು ಸೂಳೆಕೆರೆ. ಬೇಸಿಗೆಯಲ್ಲಿ ಇಲ್ಲಿ ನೀರು ಉಳಿಯಬೇಕಾದುದು ಗದ್ದೆ ತೋಟಗಳಿಗಾಗಿ ಮಾತ್ರವಲ್ಲ.

ರಜೆಯಲ್ಲಿ ಮಕ್ಕಳನ್ನು ಏರಿಗೆ ಕರೆದೊಯ್ಯುವ ಪೋಷಕರು ಒಂದು ನೋಟ್‌ಬುಕ್ಕನ್ನೂ ಒಯ್ಯಲಿ. ಮೇ ತಿಂಗಳಲ್ಲಿ ಬಿಳಿ ಹೊಟ್ಟೆಯ, ಕಣ್ಣಿನ ಮೇಲೆ ಕಪ್ಪು ಪಟ್ಟೆ ಹಾದ ಗಿಡುಗ ಕಂಡರೆ ಮಕ್ಕಳು ದಿನಾಂಕ ಬರೆದಿಡಲಿ. ಅದು ಬಹುಶಃ ಆ ವರ್ಷ ಊರಿಗೆ ಹೋಗದ ಮರಿಯೇ ಆಗಿರುತ್ತದೆ.