ಅವನು ಬೇಡ್ಕೊಳ್ತಿದ್ದ, ಮಾವ

ತಂಗಿ ಶಿವಮೊಗ್ಗದಿಂದ ಫೋನ್ ಮಾಡಿದಾಗ ನಾನು ಬೆಂಗಳೂರಿನ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. 2020ರ ಜೂನ್ ತಿಂಗಳು. ಲಾಕ್‌ಡೌನ್ ಸಡಿಲವಾಗಿತ್ತು, ಶಾಲೆಗಳು ಇನ್ನೂ ತೆರೆದಿರಲಿಲ್ಲ.

"ಅಣ್ಣಾ, ಇವನು ನೀನು ಕೊಟ್ಟ ಕಂಪ್ಯೂಟರಲ್ಲಿ ಅದೆಂಥದೋ ಆಟ ಹಾಕ್ಕೊಂಡಿದಾನೆ. ದಾರೀಲಿ ಹೋಗೋ ಕಾರು ಅಡ್ಡಗಟ್ಟಿ ಒಳಗಿದ್ದೋರನ್ನ ಎಳೆದು ಬಿಸಾಕ್ತಾನೆ. ಪೊಲೀಸ್ರ ಮೇಲೂ ಗುಂಡು ಹಾರಿಸ್ತಾನೆ. ಹದಿಮೂರು ವರ್ಷದ ಹುಡುಗ ಆಡೋ ಆಟವಾ ಇದು? ನೀನು ಇಂಥದ್ದನ್ನೆಲ್ಲ ಓದ್ಕೊಂಡೋನು, ನೀನೇ ಹೇಳು."

ಆಟದ ಹೆಸರು ಕೇಳಿದೆ. ಗ್ರ್ಯಾಂಡ್ ಥೆಫ್ಟ್ ಆಟೋ ಫೈವ್, ಹುಡುಗರ ಬಾಯಲ್ಲಿ ಜಿಟಿಎ ಫೈವ್. ಬಕೆಟ್ಟಿನಲ್ಲಿದ್ದ ಬಟ್ಟೆ ಖಾಲಿಯಾಗುವುದರೊಳಗೆ ನನ್ನ ತೀರ್ಪೂ ಮುಗಿದಿತ್ತು. ಆಡಲಿ ಬಿಡು, ಏನೂ ಆಗಲ್ಲ.

ನಾಲ್ಕು ನಿಮಿಷ ಮಾತಾಡಿರಬೇಕು. ಆ ನಾಲ್ಕು ನಿಮಿಷ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಏನೂ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಅದರ ಹಿಂದಿನ ವರ್ಷವಷ್ಟೇ ವಿಡಿಯೊ ಗೇಮ್ ಮತ್ತು ಹಿಂಸೆಯ ಬಗ್ಗೆ ಉದ್ದನೆಯ ಲೇಖನ ಬರೆದಿದ್ದೆ. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್‌ನ ರಕ್ತಪಾತ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆಗೆ ಬಂದದ್ದು, ಅದರ ಬೆನ್ನಿಗೇ 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಹುಟ್ಟಿದ್ದು, 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರಿಬ್ಬರೂ ಡೂಮ್ ಆಡುತ್ತಿದ್ದರೆಂದು ಆಟವನ್ನೇ ದೂರಿದ್ದು, ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ ಹದಿನಾಲ್ಕು ಹದಿನೈದು ವರ್ಷದ ಸುಮಾರು ಸಾವಿರ ಮಕ್ಕಳನ್ನೂ ಅವರ ಪೋಷಕರನ್ನೂ ಮಾತಾಡಿಸಿ, ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣದ ನಡವಳಿಕೆಗೂ ನಂಟು ಕಾಣಲಿಲ್ಲ ಎಂದಿದ್ದರು. ಇದನ್ನೆಲ್ಲ ತಂಗಿಗೆ ಒಪ್ಪಿಸಿದೆ. ಕೊನೆಗೆ ಅವಳಿಗೆ ನಾಟುವ ಹಾಗೆ ನಮ್ಮೂರಿನ ಮಾತನ್ನೂ ಸೇರಿಸಿದೆ. "ಯಕ್ಷಗಾನದಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯೋದನ್ನ ನಾವು ಅಮ್ಮನ ತೊಡೆ ಮೇಲೆ ಕೂತು ನೋಡಿಲ್ವೇನೇ? ನಾವೇನು ಕೊಲೆಗಾರರಾದ್ವಾ?"

ತಂಗಿ ನಕ್ಕಳು. "ನೀನು ಹೇಳಿದ್ಮೇಲೆ ಮುಗೀತು" ಅಂದಳು. ಸೋದರಮಾವನ ಮಾತು ಆ ಮನೆಯಲ್ಲಿ ಅಷ್ಟು ನಡೆಯುತ್ತದೆ.

ಆ ಕಂಪ್ಯೂಟರು ಮೊದಲು ನನ್ನದಾಗಿತ್ತು. ವಿಡಿಯೊ ಎಡಿಟಿಂಗಿಗೆಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಹೊಸದು ಕೊಂಡಾಗ ಹಳೆಯದನ್ನು ಅಳಿಯನಿಗೆ ಕಳಿಸಿದೆ. 2020ರ ಮೇ ತಿಂಗಳಲ್ಲಿ ಒಂದು ವಾರ ಆ ಆಟವನ್ನು ಆನ್‌ಲೈನಿನಲ್ಲಿ ಪುಕ್ಕಟೆ ಹಂಚಿದರು. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ಹುಡುಗರಿಗೆ ಹಬ್ಬವೇ ಬಂದಂತಾಯಿತು. ಹುಟ್ಟಿದ ವರ್ಷ ಕೇಳಿದ ಕಡೆ ಇವನು ತನ್ನಪ್ಪನ ವರ್ಷ ಹಾಕಿದ್ದ. ಎಪ್ಪತ್ತು ಜಿಬಿಗೂ ಮೇಲಿನ ಆಟ. ನಾಲ್ಕು ರಾತ್ರಿ ಕಂಪ್ಯೂಟರ್ ಆರಿಸದೆ ಇಳಿಸಿಕೊಂಡನಂತೆ.

ಆಗಸ್ಟಿನಲ್ಲಿ ತಂಗಿ ಮತ್ತೆ ಫೋನ್ ಮಾಡಿದಳು. ಹುಡುಗ ಆಟ ಬಿಟ್ಟಿದ್ದಾನೆ, ತಾನಾಗಿಯೇ ಬಿಟ್ಟಿದ್ದಾನೆ ಎಂದು ಖುಷಿಯಲ್ಲಿ ಹೇಳಿದಳು. "ನೀನು ಹೇಳಿದ್ದೇ ಸರಿ ಅಣ್ಣ, ಅಡ್ಡ ಹಾಕದೆ ಬಿಟ್ರೆ ತಾನಾಗೇ ಬೇಜಾರಾಗುತ್ತೆ." ನಾನೂ ಹಿಗ್ಗಿದೆ. ಮಕ್ಕಳ ಆಟ ಎಂದರೆ ನಮಗಿರುವ ಭಯವೆಲ್ಲ ಚಟದ್ದು. ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಶುರುವಾದ ಷಟ್ ಕ್ಲಿನಿಕ್ಕಿನ ಬಗ್ಗೆ ನನ್ನ ಲೇಖನದಲ್ಲಿ ಬರೆದಿದ್ದೆ; ಆಟ ಬಿಡಲಾರದೆ ಒದ್ದಾಡುವವರಿಗೆ ಅಲ್ಲಿ ನೆರವಿದೆ ಎಂದು ಗೊತ್ತಿತ್ತು. ಒಬ್ಬ ಹುಡುಗ ಆಟವನ್ನು ಥಟ್ಟನೆ ಬಿಟ್ಟರೆ ಅದಕ್ಕೂ ಕಾರಣವಿರಬಹುದು, ಯಾಕೆ ಎಂದು ಕೇಳಬೇಕು ಎಂದು ಮಾತ್ರ ಹೊಳೆಯಲಿಲ್ಲ.

ದೀಪಾವಳಿಗೆ ಶಿವಮೊಗ್ಗಕ್ಕೆ ಹೋದೆ. ನೀರು ತುಂಬುವ ಹಬ್ಬದ ಸಂಜೆ ಹುಡುಗ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ತಾಮ್ರದ ಹಂಡೆ ತಿಕ್ಕುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಆಟದೊಳಗಿನ ಊರಿನ ಹೆಸರು ಹಿಡಿದು, "ಏನೋ, ಲಾಸ್ ಸಾಂಟೋಸ್ ಎಲ್ಲೀತನಕ ಬಂತು? ಎಷ್ಟು ಮಿಷನ್ ಮುಗಿಸಿದೆ?" ಅಂದೆ. ಅವನ ಕೈ ನಿಂತಿತು. ಹುಣಸೆಹಣ್ಣಿನ ರಸ ಬೆರಳ ಸಂದಿಯಿಂದ ಹಂಡೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು.

"ಬಿಟ್ಟೆ ಮಾವ. ಬೋರಾಯ್ತು."

ಅದೇ ರಾತ್ರಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಅವನು ತನ್ನ ಕೋಣೆಯಲ್ಲಿ ಮಲಗುತ್ತಿರಲಿಲ್ಲ. ಅಪ್ಪ ಅಮ್ಮನ ಮಂಚದ ಕೆಳಗೆ ಚಾಪೆ, ಮೂಲೆಯಲ್ಲಿ ಆರಿಸದ ದೀಪ. ತಂಗಿಯನ್ನು ಕೇಳಿದರೆ, "ಎರಡು ಮೂರು ತಿಂಗಳಿಂದ ಹೀಗೇ. ಕೊರೊನಾ ಹೆದರಿಕೆ ಇರಬೇಕು" ಅಂದಳು. ಮರುದಿನ ಎಣ್ಣೆಸ್ನಾನವಾಗಿ, ಊಟ ಮುಗಿಸಿ, ಅವನೊಬ್ಬನನ್ನೇ ತುಂಗೆಯ ದಡಕ್ಕೆ ಕರೆದುಕೊಂಡು ಹೋದೆ. ತುಂಬ ಹೊತ್ತು ಕಲ್ಲೆಸೆಯುತ್ತಾ ನಿಂತಿದ್ದ. ಆಮೇಲೆ ನೀರನ್ನೇ ನೋಡುತ್ತಾ ಹೇಳಿದ.

ಆಟದಲ್ಲಿ ಒಂದು ಮಿಷನ್ ಬರುತ್ತದೆ. ಗೋದಾಮಿನಂಥ ಜಾಗ, ಕುರ್ಚಿಗೆ ಕಟ್ಟಿಹಾಕಿದ ಒಬ್ಬ ಮನುಷ್ಯ. ಪಕ್ಕದ ಮೇಜಿನ ಮೇಲೆ ಇಕ್ಕಳ, ದೊಡ್ಡ ಸ್ಪ್ಯಾನರ್, ಬ್ಯಾಟರಿಯ ತಂತಿ, ಕ್ಯಾನು. ಆಡುವವನೇ ಒಂದನ್ನು ಆರಿಸಿ ಎತ್ತಿಕೊಳ್ಳಬೇಕು.

"ಅವನು ಮೊದಲೇ ಎಲ್ಲಾ ಹೇಳ್ತೀನಿ ಅಂತಿದ್ದ ಮಾವ. ಬೇಡ್ಕೊಳ್ತಿದ್ದ. ಆದ್ರೂ ಇದು ಒತ್ತು, ಅದು ಒತ್ತು ಅಂತ ಸ್ಕ್ರೀನ್ ಮೇಲೆ ಬರುತ್ತೆ. ನಾನು ಹಲ್ಲು ಕಿತ್ತೆ." ಸ್ವಲ್ಪ ತಡೆದು, "ಮುಗೀತು ಅಂದ್ಕೊಂಡ್ರೆ ಮತ್ತೆ ಅದೇ ಮೇಜು ಬಂತು. ಸ್ವಿಚ್ ಆಫ್ ಮಾಡ್ಬಿಟ್ಟೆ. ಗೋಡೆದು."

ಪಬ್ಜಿಯಲ್ಲಿ ನೂರು ಜನರನ್ನು ಕೊಲ್ಲುತ್ತಿದ್ದೆಯಲ್ಲೋ, ಆಗ ಏನೂ ಅನ್ನಿಸಲಿಲ್ಲವಾ ಎಂದು ಕೇಳಿದೆ. ಆ ವರ್ಷದ ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿ ನಿಷೇಧಿಸುವವರೆಗೂ ಅವನು ಅಪ್ಪನ ಮೊಬೈಲಿನಲ್ಲಿ ಅದನ್ನು ಆಡುತ್ತಿದ್ದ.

"ಪಬ್ಜಿಲಿ ಸತ್ತೋನು ಪೆಟ್ಟಿಗೆ ಆಗ್ಬಿಡ್ತಾನೆ ಮಾವ. ಅಷ್ಟೇ. ಇವನು ಬೇಡ್ಕೊಳ್ತಿದ್ದ."

ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದೆ. ಅವನು ಮೊದಲ ಸಲ ನನ್ನ ಮುಖ ನೋಡಿದ. "ನೀವು ಫೋನಲ್ಲಿ ಹೇಳಿದ್ರಲ್ಲ. ಅಮ್ಮ ಸ್ಪೀಕರ್ ಹಾಕಿದ್ಲು. ಇದ್ರಿಂದ ಯಾರಿಗೂ ಏನೂ ಆಗಲ್ಲ ಅಂತ. ನನಗೆ ಆಯ್ತು ಅಂದ್ರೆ ನಾನೇ ಪುಕ್ಕಲ ಅಂತ ಆಗುತ್ತಲ್ಲ."

ನನಗೆ ಮಾತು ಹೊರಡಲಿಲ್ಲ. ಆ ದೃಶ್ಯ ಅವನನ್ನು ಹೆದರಿಸಿದ್ದು ಒಂದು ರಾತ್ರಿ. ಮೂರು ತಿಂಗಳು ಅವನ ಬಾಯಿ ಕಟ್ಟಿದ್ದು ನನ್ನ ಮಾತು. ಹೆದರಿದ ಮಗುವಿಗೆ ಹೋಗಿ ಹೇಳಿಕೊಳ್ಳಲು ಇದ್ದ ಒಂದೇ ಬಾಗಿಲನ್ನು, ಅಷ್ಟೊಂದು ಓದಿಕೊಂಡಿದ್ದ ನಾನು, ಆಚೆಯಿಂದ ಚಿಲಕ ಹಾಕಿ ಬಂದಿದ್ದೆ.

ತಂಗಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟೇ ಇರಲಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಈ ಹುಡುಗ ಈ ಆಟ ಆಡಬಹುದಾ ಎಂದು ಅವಳು ಕೇಳಿದ್ದಳು. ಆಟ ಆಡಿದವರು ಕೊಲೆಗಾರರಾಗುತ್ತಾರಾ ಎಂಬುದಕ್ಕೆ ನಾನು ಉತ್ತರ ಹೇಳಿದ್ದೆ. ನನ್ನ ಉತ್ತರದಲ್ಲಿ ಸುಳ್ಳಿರಲಿಲ್ಲ. ಆಕ್ಸ್‌ಫರ್ಡ್‌ನವರು ಹುಡುಕಿದ್ದು ಮಕ್ಕಳು ಬೇರೆಯವರ ಮೇಲೆ ಏರಿ ಹೋಗುತ್ತಾರಾ ಎಂದು. ದೀಪ ಆರಿಸಿ ಮಲಗುತ್ತಾರಾ ಎಂಬುದು ಅವರ ವಿಷಯವೇ ಆಗಿರಲಿಲ್ಲ. ಯಕ್ಷಗಾನದ ಮಾತಂತೂ ಈಗ ನೆನೆದರೆ ಸಂಕಟವಾಗುತ್ತದೆ. ಅಮ್ಮನ ತೊಡೆ ಎಂದು ನಾನೇ ಹೇಳಿದ್ದೆ. ಕರುಳು ಬಗೆಯುವವನು ನರಸಿಂಹ, ಯಾಕೆಂದು ತಿಳಿಸಲು ಭಾಗವತರಿದ್ದಾರೆ, ಕಣ್ಣು ಮುಚ್ಚಿಕೊಂಡರೆ ಎದೆಗವಚಿಕೊಳ್ಳಲು ಅಮ್ಮ ಇದ್ದಾಳೆ, ಸುತ್ತ ಊರಿಗೆ ಊರೇ ಕೂತಿದೆ. ಶಿವಮೊಗ್ಗದ ಆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಇಕ್ಕಳ ಹಿಡಿದವನು ಅವನೇ ಆಗಿದ್ದ.

ಮನೆಗೆ ಬಂದು ತಂಗಿಗೂ ಭಾವನಿಗೂ ಎಲ್ಲ ಹೇಳಿದೆ. ತಪ್ಪು ನನ್ನದು, ಹುಡುಗನನ್ನು ಬೈಯಬೇಡಿ ಎಂದೆ. ತಂಗಿ ಏನೂ ಅನ್ನದೆ ಎದ್ದು ಹೋಗಿ ಮಗನ ಪಕ್ಕ ಕೂತಳು. ನಾನು ಮೊಬೈಲಿನಲ್ಲಿ ಇಎಸ್‌ಆರ್‌ಬಿಯ ಪುಟ ತೆಗೆದೆ. 17 ತುಂಬಿದವರಿಗೆ ಎಂಬ ಗುರುತು ನನಗೆ ಮೊದಲೇ ಗೊತ್ತಿತ್ತು; ಯುರೋಪಿನ ಪೆಗಿ 18 ಎನ್ನುತ್ತದೆ ಎಂಬುದೂ ಗೊತ್ತಿತ್ತು. 'ಎ' ಸರ್ಟಿಫಿಕೇಟಿನ ಸಿನಿಮಾಕ್ಕೆ ಇದೇ ಹುಡುಗನನ್ನು ಕರೆದೊಯ್ಯುವ ಯೋಚನೆಯನ್ನೂ ಮಾಡದ ನಾನು, ಆಟದ ಮೇಲಿನ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಕಿಯ ಕೆಳಗೆ ಆಟದಲ್ಲಿ ಏನೇನಿದೆ ಎಂದು ಒಂದು ಪ್ಯಾರಾದಲ್ಲಿ ಬರೆದಿರುತ್ತಾರೆ. ನಿರಾಯುಧನೊಬ್ಬನನ್ನು ಹಿಂಸಿಸುವ ದೃಶ್ಯವಿದೆ, ಅದು ತೀವ್ರವಾಗಿದೆ, ದೀರ್ಘವಾಗಿದೆ, ಆಡುವವನೂ ಅದರಲ್ಲಿ ಕೈಜೋಡಿಸಬೇಕು ಎಂಬುದೆಲ್ಲ ಅಲ್ಲಿತ್ತು. ಓದಲು ಎರಡು ನಿಮಿಷ ಸಾಕಾಯಿತು. ತಾರಸಿಯ ಮೇಲೆ ಮಾತಾಡಿದ್ದರಲ್ಲಿ ಅರ್ಧ.

ಈಚೆಗೆ ಯಾರಾದರೂ ತಂದೆತಾಯಿ ಕೇಳಿದರೆ ಮೊದಲು ಆ ಪ್ಯಾರಾ ಓದುತ್ತೇನೆ. ಆಮೇಲೆ ಮಗುವಿನ ಪಕ್ಕದಲ್ಲಿ ಒಂದು ಗಂಟೆ ಕೂರುತ್ತೇನೆ. 2021ರ ಜುಲೈನಲ್ಲಿ ಪಬ್ಜಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತಲ್ಲ, ಅದರಲ್ಲಿ ರಕ್ತಕ್ಕೆ ಹಸಿರು ಬಣ್ಣ ಕೊಟ್ಟಿದ್ದರು, 18 ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇಟ್ಟಿದ್ದರು. ಮಿತಿ ಒಳ್ಳೆಯದೇ. ಹಸಿರು ಬಣ್ಣದಿಂದ ಸಮಾಧಾನಪಟ್ಟುಕೊಂಡ ತಂದೆತಾಯಿಯರನ್ನು ಕಂಡಾಗ ಮಾತ್ರ ತುಂಗೆಯ ದಡ ನೆನಪಾಗುತ್ತದೆ. ನಾವು ದೊಡ್ಡವರು ರಕ್ತ ಎಷ್ಟು ಎಂದು ನೋಡುತ್ತೇವೆ. ಆ ಹುಡುಗ ಮುಖ ನೋಡಿದ್ದ.

ತುಂಗೆಯ ದಡದಿಂದ ಬಂದ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಕಂಪ್ಯೂಟರ್ ಹಾಕಿದೆ. ಆಟ ಆ ಮಿಷನ್ನಿನ ಹೊಸ್ತಿಲಲ್ಲೇ ನಿಂತಿತ್ತು. ಸೌಂಡ್ ತೀರಾ ಕಡಿಮೆ ಇತ್ತು. ಅಮ್ಮನಿಗೆ ಕೇಳಿಸದಿರಲೆಂದು ಹುಡುಗ ಇಳಿಸಿಟ್ಟದ್ದು. ಪೂರ್ತಿ ಆಡಿದೆ. ಸರ್ಕಾರದ ಏಜೆಂಟರು ಹುಡುಕುತ್ತಿರುವವನಿಗೆ ಗಡ್ಡವಿದೆ, ಎಡಗೈಲಿ ಸಿಗರೇಟು ಹಿಡಿಯುತ್ತಾನೆ ಎಂದು ಆ ಮನುಷ್ಯ ಒಂದೊಂದೇ ಗುರುತು ಹೇಳುತ್ತಾನೆ. ಹೇಳಿದಷ್ಟೂ ಸಾಲದೆಂದು ಆಟ ಮತ್ತೆ ಮೇಜಿನ ಮುಂದೆ ತಂದು ನಿಲ್ಲಿಸುತ್ತದೆ. ಪರದೆಯ ಮೇಲೆ ಅವನ ಎದೆಬಡಿತದ ಗೆರೆ ಓಡುತ್ತಿರುತ್ತದೆ. ಹೃದಯ ನಿಂತರೆ ಸೂಜಿ ಚುಚ್ಚಿ ಎಬ್ಬಿಸಿ ಮುಂದುವರಿಸಬೇಕು. ನನಗೆ ಆಗ ನಲವತ್ತೆರಡು ವರ್ಷ. ಕಂಟ್ರೋಲರ್ ಹಿಡಿದ ಹೆಬ್ಬೆರಳು ಬೆವರಿ ಜಾರುತ್ತಿತ್ತು.

ಆಮೇಲೆ ನಾನು ಎಣಿಸದೇ ಇದ್ದದ್ದು ನಡೆಯಿತು. ಕೆಲಸ ಮುಗಿಯಿತು, ಇವನನ್ನು ಕೊಂದುಬಿಡು ಎಂದು ಸರ್ಕಾರದ ಏಜೆಂಟ್ ಹೇಳಿ ಹೋಗುತ್ತಾನೆ. ಹಿಂಸಿಸಿದ ಟ್ರೆವರ್, ಅಂದರೆ ನಾನು ಆಡಿಸುತ್ತಿದ್ದ ಪಾತ್ರ, ಅವನನ್ನು ಕೊಲ್ಲುವುದಿಲ್ಲ. ಗಾಡಿಯಲ್ಲಿ ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೊರಡುತ್ತಾನೆ. ನಾನು ಅಲ್ಲಿಗೇ ಆಟ ನಿಲ್ಲಿಸಿ, ಕಂಪ್ಯೂಟರ್ ಆರಿಸದೆ ಹಾಗೇ ಬಿಟ್ಟೆ. ಬೆಳಿಗ್ಗೆ ತಂಗಿಯನ್ನು ಕೇಳಿ ಒಪ್ಪಿಸಿ, ಹುಡುಗನನ್ನು ಕೂಗಿದೆ. ಕೆಟ್ಟದ್ದು ಮುಗಿದಿದೆ, ಇನ್ನು ಬರೋದಿಲ್ಲ, ಅವನು ಬದುಕಿದ್ದಾನೆ, ಬೇಕಿದ್ದರೆ ಬಾ ಎಂದೆ. ಬಾಗಿಲಲ್ಲಿ ನಿಂತ, ಬಂದ. ತಂಗಿ ಅವನ ಹಿಂದೆ ಮಂಚದ ಮೇಲೆ ಕೂತಳು.

ಸೌಂಡ್ ಜೋರು ಮಾಡಿದೆ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂಸೆಯಿಂದ ನಿಜ ಹೊರಡುವುದಿಲ್ಲ, ಹಿಂಸಿಸುವವನ ಖುಷಿಗೆ, ಹಾಗೆ ಮಾಡಿಸುವವನ ಖುಷಿಗೆ ಅದು ನಡೆಯುತ್ತದೆ ಎಂದು ಟ್ರೆವರ್ ಆ ಮನುಷ್ಯನಿಗೆ ಹೇಳುತ್ತಾನೆ. 2001ರ ನಂತರ ಅಮೆರಿಕದ ಗುಪ್ತಚರರು ಬಂದಿಗಳಿಗೆ ಏನು ಮಾಡಿದರು ಎಂಬುದನ್ನು ಹುಡುಗನಿಗೆ ತಿಳಿಯುವಷ್ಟು ಬಿಡಿಸಿ ಹೇಳಿದೆ. ಅದನ್ನು ಕುಟುಕುವುದಕ್ಕೇ ಈ ಮಿಷನ್ ಬರೆದಿರಬೇಕು ಎಂದೆ.

"ಹಾಗಾದ್ರೆ ನನ್ನ ಕೈಲಿ ಯಾಕೆ ಮಾಡಿಸಿದ್ದು?"

ಮಾಡಿದವನಿಗೆ ನಾಚಿಕೆಯಾಗಲಿ ಅಂತ ಇರಬಹುದು ಕಣೋ, ಆ ನಾಚಿಕೆ ಹೊರೋ ವಯಸ್ಸು ನಿನ್ನದಲ್ಲ, ಅದನ್ನ ನಾನು ನೋಡಬೇಕಿತ್ತು, ನೋಡಲಿಲ್ಲ, ತಪ್ಪಾಯ್ತು ಎಂದೆ. ಅವನು ತಲೆಯಾಡಿಸಿದನೋ ಇಲ್ಲವೋ ನೆನಪಿಲ್ಲ. ಕೈ ಚಾಚಿ ಕಂಟ್ರೋಲರ್ ತೆಗೆದುಕೊಂಡ.

"ನಾನು ಬಿಟ್ಟು ಬರ್ತೀನಿ ಮಾವ."

ಆ ಆಟ ಆಡುವವರು ಯಾರೂ ಸಿಗ್ನಲ್ಲಿಗೆ ಗಾಡಿ ನಿಲ್ಲಿಸುವುದಿಲ್ಲ. ಫುಟ್‌ಪಾತ್ ಹತ್ತಿಸಿ, ಎದುರು ಬಂದದ್ದನ್ನು ಗುದ್ದಿಕೊಂಡು ಹೋಗುವುದೇ ಅಲ್ಲಿನ ರೂಢಿ. ಹುಡುಗ ನಿಧಾನಕ್ಕೆ, ರಸ್ತೆಯ ಬಲಬದಿ ಹಿಡಿದು ಹೋದ. ಪಕ್ಕದ ಸೀಟಿನಲ್ಲಿ ಆ ಮನುಷ್ಯ ಕುಗ್ಗಿ ಕೂತಿದ್ದ. ಕೆಂಪು ದೀಪ ಬಂದಲ್ಲೆಲ್ಲ ಹುಡುಗ ಗಾಡಿ ನಿಲ್ಲಿಸಿದ, ಹಸಿರಾಗುವವರೆಗೆ ಕಾದ, ಮತ್ತೆ ಹೊರಟ.