ಗೀರು ತೆಗೆಯುವ ಮುನ್ನ

ಮುಂಬೈಯ ಉಪನಗರಗಳಲ್ಲಿ ಬಳಕೆಯಲ್ಲಿರುವ ಬಾಸ್ ಗಿಟಾರ್ ಗೀರಿಲ್ಲದೆ ಉಳಿಯುವುದು ಕಷ್ಟ. ಡೊಂಬಿವಲಿ ಮತ್ತು ಕಲ್ಯಾಣದ ನಡುವೆ, ಠಾಕುರ್ಲಿಯಲ್ಲಿ ಮನೆಮಾಡಿಕೊಂಡಿರುವ ವಾದಕರು ಸುಮಾರು ನಾಲ್ಕಡಿ ಉದ್ದದ, ನಾಲ್ಕು ಕಿಲೋ ಆಸುಪಾಸಿನ ಈ ವಾದ್ಯವನ್ನು ಬೆನ್ನಿಗೇರಿಸಿಕೊಂಡೇ ಸೆಂಟ್ರಲ್ ಲೈನಿನ ಲೋಕಲ್ ಹತ್ತಬೇಕು. ಕಾರ್ಯಕ್ರಮ ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರದಲ್ಲಿರಲಿ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರದಲ್ಲಿರಲಿ, ಕನ್ನಡ ಸಂಘವೊಂದರ ರಸಮಂಜರಿಯ ವೇದಿಕೆಯಲ್ಲಿರಲಿ, ಚೀಲದಿಂದ ತೆಗೆದು ಮತ್ತೆ ಚೀಲಕ್ಕೆ ಸೇರಿಸುವ ಒಳಗೆ ಅದಕ್ಕೆ ಏನಾದರೊಂದು ತಗಲಿರುತ್ತದೆ. ಬೆನ್ನ ಭಾಗದಲ್ಲಿ ಬೆಲ್ಟಿನ ಬಕಲ್ ಉಜ್ಜಿದ ಗುರುತು, ಅಂಚಿನಲ್ಲಿ ಜಿಪ್ಪಿನ ಹಲ್ಲು ಎಳೆದ ಗೆರೆ, ಪಿಕಪ್ ಪಕ್ಕದಲ್ಲಿ ಉಗುರು ಕೆರೆದ ಜಾಗ, ತಲೆಯ ತುದಿಯಲ್ಲಿ ಬಾಗಿಲ ಚೌಕಟ್ಟಿಗೆ ಬಡಿದು ಎದ್ದ ಚಕ್ಕೆ. ಇವನ್ನು ಕಂಡಾಗ ಉಜ್ಜಿ ಹೊಸದರಂತೆ ಮಾಡಿಬಿಡಬೇಕು ಅನ್ನಿಸುವುದು ಸಹಜ. ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್, ಪಾಲಿಶ್ ಎಲ್ಲವೂ ಬಣ್ಣದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಉಜ್ಜುವ ಮೊದಲು ಒಂದು ವಿಷಯ ಮನಸ್ಸಿಗೆ ನಾಟಬೇಕು. ಉಜ್ಜುವುದರಿಂದ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಮೆರುಗೆಲ್ಲ ತೆಳುವಾಗುತ್ತದೆ, ಅಷ್ಟೆ. ಆದ್ದರಿಂದ ಎಷ್ಟು ಹೊಳಪು ಬೇಕು ಎಂದು ಕೇಳಿಕೊಳ್ಳುವ ಮೊದಲು ಎಷ್ಟು ಪದರವನ್ನು ಕಳೆದುಕೊಳ್ಳಲು ಸಿದ್ಧ ಎಂದು ಕೇಳಿಕೊಳ್ಳಬೇಕು. ಮೇಲುಮೇಲಿನ ಗೀರನ್ನು ಉಜ್ಜಬಹುದು, ಆಳವಾದದ್ದನ್ನು ತುಂಬಬೇಕು, ವಾದ್ಯಕ್ಕೆ ಹಾನಿ ಮಾಡದ್ದನ್ನು ಹಾಗೆಯೇ ಬಿಡಬೇಕು. ನನ್ನ ವಾದ ಇಷ್ಟೇ.

ಗೀರು ಕಣ್ಣಿಗೆ ಕಾಣುವುದಾದರೂ ಏಕೆ ಎಂಬುದರಿಂದಲೇ ಆರಂಭಿಸೋಣ. ನಯವಾದ ಮೆರುಗಿನ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಅದನ್ನೇ ನಾವು ಹೊಳಪು ಎನ್ನುತ್ತೇವೆ. ಗೀರಿನ ಗೋಡೆಗಳ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ಅಲ್ಲೊಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆಯ ಮೇಲೆ ಒಂದು ಹನಿ ನೀರು ಹಚ್ಚಿದರೆ ಅದು ಮಾಯವಾಗುವುದುಂಟು. ನೀರು ಬೆಳಕನ್ನು ಬಾಗಿಸುವ ಪ್ರಮಾಣ ಗಾಳಿಗಿಂತ ಮೆರುಗಿನದಕ್ಕೆ ಹೆಚ್ಚು ಹತ್ತಿರ. ಗಾಳಿಯದು 1, ನೀರಿನದು 1.33, ಮೆರುಗಿಗೆ ಬಳಸುವ ಲ್ಯಾಕರಿನದು ಸುಮಾರು 1.5. ಹಾಗೆ ಮಾಯವಾದರೆ ಗೀರು ಮೇಲಿನ ಪಾರದರ್ಶಕ ಪದರದಲ್ಲೇ ನಿಂತಿದೆ, ಬಣ್ಣವನ್ನಾಗಲಿ ಮರವನ್ನಾಗಲಿ ಮುಟ್ಟಿಲ್ಲ ಎಂದು ತಿಳಿಯಬಹುದು. ನೀರು ಆರಿದೊಡನೆ ಗೆರೆ ಮತ್ತೆ ಮೂಡುತ್ತದೆ. ಗೀರನ್ನು ಕ್ಷಣದಲ್ಲಿ ಮಾಯ ಮಾಡುತ್ತೇವೆನ್ನುವ ಹಲವು ಪಾಲಿಶುಗಳ ಗುಟ್ಟೂ ಇದೇ. ಎಣ್ಣೆಯೋ ಮೇಣವೋ ಗೀರಿನೊಳಗೆ ಕೂತು ಕೆಲವು ದಿನ ಅದನ್ನು ಮರೆಮಾಡುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಪದರವನ್ನು ಸವೆಸದ ಕಾರಣ ಹಲವು ಸಲ ಇದೇ ಸರಿಯಾದ ಉಪಾಯ. ಸಿಲಿಕೋನ್ ಬೆರೆತ ಪಾಲಿಶನ್ನು ಮಾತ್ರ ದೂರವಿಡಬೇಕು. ಮುಂದೊಂದು ದಿನ ಹೊಸ ಲ್ಯಾಕರ್ ಹೊಡೆಯಬೇಕಾಗಿ ಬಂದರೆ ಅದರ ಜಿಡ್ಡು ಲ್ಯಾಕರನ್ನು ಕೂರಗೊಡದೆ ಗುಳಿ ಬೀಳಿಸುತ್ತದೆ.

ಎರಡನೆಯ ಪರೀಕ್ಷೆಗೆ ಉಗುರೇ ಸಾಕು. ಗೀರಿಗೆ ಅಡ್ಡವಾಗಿ ಉಗುರು ಎಳೆದಾಗ ತಡೆಯದಿದ್ದರೆ ಅದು ಉಜ್ಜುವಿಕೆಗೆ ಮಣಿಯುತ್ತದೆ. ತಡೆದರೆ ಅದನ್ನು ಉಜ್ಜಿ ತೆಗೆಯುವ ಆಸೆ ಬಿಡುವುದು ಒಳ್ಳೆಯದು. ಯಾಕೆಂದರೆ ಇಲ್ಲಿ ನಮ್ಮ ಕೈಯಲ್ಲಿರುವ ಪದರವೇ ಬಹಳ ತೆಳು. ಹಳೆಯ ಕ್ರಮದ ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಒಟ್ಟು ದಪ್ಪ ಬರೆಯುವ ಕಾಗದದ ಒಂದು ಹಾಳೆಯಷ್ಟು, ಅಂದರೆ ಹೆಚ್ಚುಕಡಿಮೆ 0.1 ಮಿಲಿಮೀಟರ್. ಪಾಲಿಯೆಸ್ಟರ್ ಮೆರುಗು ಇದರ ಹಲವು ಪಟ್ಟು ಇರಬಹುದು. ಅಂಚುಗಳಲ್ಲಂತೂ ಎರಡೂ ಇನ್ನಷ್ಟು ತೆಳು. ಚೂಪಾದ ಅಂಚಿನ ಮೇಲಿಂದ ಹಸಿ ದ್ರವ ತಾನಾಗಿ ಹಿಂದೆ ಸರಿಯುತ್ತದೆ, ಉಜ್ಜುವ ಕೈಯ ಒತ್ತಡವೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ಬಾಸ್ ಗಿಟಾರಿನ ಮೈಯಲ್ಲಿ ಉಜ್ಜಿ ಉಜ್ಜಿ ಮರ ಇಣುಕುವಂತಾದ ಜಾಗಗಳು ಹೆಚ್ಚಾಗಿ ಅಂಚುಗಳೇ ಆಗಿರುವುದಕ್ಕೆ ಇದು ಕಾರಣ.

ಇನ್ನು ಆ ಪದರ ಯಾವುದರದ್ದು ಎಂಬುದು ಮುಖ್ಯ. ಹೋಲಿಕೆಗೆ ತಂಬೂರಿಯನ್ನು ನೋಡೋಣ. ಕರ್ನಾಟಕದ ಗಡಿಗೆ ಹೊಂದಿಕೊಂಡ ಮೀರಜ್‌ನಲ್ಲಿ ತಂಬೂರಿ ಮಾಡುವ ಮನೆತನಗಳಿವೆ. ಧಾರವಾಡ-ಹುಬ್ಬಳ್ಳಿ ಸೀಮೆಯ ಹಿಂದೂಸ್ತಾನಿ ಸಂಗೀತಕ್ಕೆ ಆ ಊರಿನ ನಂಟು ಬಹಳ ಹಳೆಯದು.   ಅಲ್ಲಿನ ತಂಬೂರಿಗಳ ಸಾಂಪ್ರದಾಯಿಕ ಮೆರುಗು ಅರಗಿನದು. ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಹಚ್ಚುತ್ತಾರೆ. ಹೊಸದಾಗಿ ಹಚ್ಚಿದ್ದರಲ್ಲಿನ ಸ್ಪಿರಿಟ್ ಹಳೆಯ ಪದರವನ್ನು ಕೊಂಚ ಕರಗಿಸಿ ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಹೀಗಾಗಿ ಅರಗಿನ ವಾದ್ಯದಲ್ಲಿ ಗೀರಿನ ಉಪಚಾರವೆಂದರೆ ಇನ್ನಷ್ಟು ಹಚ್ಚುವುದು, ಅಲ್ಲಿ ಪದರ ಕೂಡುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕೂಡ ತನ್ನದೇ ಥಿನ್ನರಿನಲ್ಲಿ ಕರಗುವಂಥದ್ದು, ಹೊಸ ಪದರ ಹಳೆಯದರೊಂದಿಗೆ ಒಂದಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಮೋಟಾರು ಕಾರುಗಳಿಗಾಗಿ ಇದನ್ನು ಬಳಕೆಗೆ ತಂದಿತು. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಹೊರತಂದಾಗಲೂ ಆತನ ಕಾರ್ಖಾನೆಯಲ್ಲಿದ್ದುದು ಇಂಥ ಲ್ಯಾಕರೇ. ಫೆಂಡರ್ ವಾದ್ಯಗಳ ಹೆಸರಾಂತ ಫಿಯೆಸ್ಟಾ ರೆಡ್, 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. 1960ರ ದಶಕದ ಕೊನೆಯಲ್ಲಿ ಆ ಕಾರ್ಖಾನೆ ಪಾಲಿಯೆಸ್ಟರಿಗೆ ಹೊರಳಿತು. ಇಂದು ಸಾಮಾನ್ಯ ಬೆಲೆಗೆ ಸಿಗುವ ಬಾಸ್‌ಗಳಲ್ಲಿ ಬಹುಪಾಲಿನ ಮೇಲಿರುವುದು ಪಾಲಿಯೆಸ್ಟರ್ ಇಲ್ಲವೇ ಪಾಲಿಯುರೆಥೇನ್. ಇವು ಆರುವುದಷ್ಟೇ ಅಲ್ಲ, ರಾಸಾಯನಿಕವಾಗಿ ಗಟ್ಟಿಗೊಂಡು ಮತ್ತೆಂದೂ ಕರಗದ ಸ್ಥಿತಿಗೆ ಬರುತ್ತವೆ. ಇವುಗಳ ಮೇಲೆ ಹೊಸ ಪದರ ಕೂರುತ್ತದೆ, ಆದರೆ ಬೆರೆಯುವುದಿಲ್ಲ. ಪೀಠೋಪಕರಣಕ್ಕೆ ಹಚ್ಚುವ ಸ್ಪಿರಿಟ್ ಪಾಲಿಶನ್ನು ಇಂಥ ಬಾಸ್ ಮೇಲೆ ಬಳಿದರೆ ಸ್ವಲ್ಪ ಕಾಲದಲ್ಲೇ ಎದ್ದು ಹೋಗುತ್ತದೆ. ಕೂಡಿಸಲು ಬಾರದ ಇಂಥ ಮೆರುಗಿನಲ್ಲಿ ಕಳೆಯುವ ಕೆಲಸವನ್ನು ಬಹಳ ಜಿಪುಣತನದಿಂದ ಮಾಡಬೇಕು.

ಯಾವ ಮೆರುಗು ಎಂದು ತಿಳಿಯಲು ಕಣ್ಣಿಗೆ ಬೀಳದ ಜಾಗ ಬೇಕು. ಪಿಕ್‌ಗಾರ್ಡ್ ಕೆಳಗೋ, ಹಿಂಬದಿಯ ಮುಚ್ಚಳದ ಒಳಅಂಚಿನಲ್ಲೋ ಹತ್ತಿಯ ತುದಿಯಿಂದ ಒಂದಿಷ್ಟು ಅಸಿಟೋನ್ ಮುಟ್ಟಿಸಿದರೆ ನೈಟ್ರೋಸೆಲ್ಯುಲೋಸ್ ಮೆತ್ತಗಾಗಿ ಅಂಟುತ್ತದೆ, ಪಾಲಿಯೆಸ್ಟರ್ ಕದಲುವುದಿಲ್ಲ. ಆಮೇಲಿನ ಕ್ರಮ ಕಠಿಣವೇನಲ್ಲ, ತಾಳ್ಮೆ ಬೇಕು. ಮೊದಲು ಒದ್ದೆ ಬಟ್ಟೆಯಿಂದ ಧೂಳು ತೆಗೆಯಬೇಕು. ಧೂಳಿನ ಕಣವೇ ಹೊಸ ಗೀರು ಎಳೆಯಬಲ್ಲದು. ಬಳಿಕ ಅತಿ ನಯವಾದ ಪಾಲಿಶ್ ಹಚ್ಚಿ ನೋಡಬೇಕು. ಅದರಿಂದ ಆಗದಿದ್ದರೆ ರಬ್ಬಿಂಗ್ ಕಾಂಪೌಂಡ್, ಅದರಿಂದಲೂ ಆಗದಿದ್ದರೆ ಮಾತ್ರ 2000 ನಂಬರಿನ ವಾಟರ್ ಪೇಪರ್. ಮೆದುವಾದದ್ದರಿಂದ ಒರಟಿನ ಕಡೆಗೆ ಹೋಗುವ ಈ ಕ್ರಮವನ್ನು ತಿರುಗಿಸಿ, 800 ನಂಬರಿನಿಂದ ಶುರುಮಾಡುವವರೇ ಪದರವನ್ನು ಬೇಗ ಕಳೆದುಕೊಳ್ಳುವವರು. 2000 ನಂಬರಿನ ಕಣ ಸುಮಾರು 10 ಮೈಕ್ರಾನ್, ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವಾದರೋ 0.4ರಿಂದ 0.7 ಮೈಕ್ರಾನ್. ಆ ಕಾಗದ ಬಿಟ್ಟುಹೋದ ಗೆರೆಗಳನ್ನು ಕಾಂಪೌಂಡು, ಪಾಲಿಶುಗಳು ಬೆಳಕಿನ ಅಳತೆಗಿಂತ ಚಿಕ್ಕದಾಗಿಸುವವರೆಗೆ ಮೈ ಮಬ್ಬಾಗಿಯೇ ಇರುತ್ತದೆ. ಮಬ್ಬು ಕಂಡು ಗಾಬರಿಯಾಗಿ ಇನ್ನಷ್ಟು ಒತ್ತಿ ಉಜ್ಜುವ ಬದಲು ಮುಂದಿನ ನಯಕ್ಕೆ ಸಾಗಬೇಕು. ಬಟ್ಟೆಗೆ ವಾದ್ಯದ ಬಣ್ಣ ಹತ್ತಿತೆಂದರೆ ಪಾರದರ್ಶಕ ಪದರ ಮುಗಿದಿದೆ ಇಲ್ಲವೇ ಮೊದಲಿಂದಲೂ ಇರಲಿಲ್ಲ, ಅಲ್ಲಿಗೇ ಕೈ ನಿಲ್ಲಬೇಕು. ಹೊಳಪಿಲ್ಲದ ಸ್ಯಾಟಿನ್ ಮೈಯ ಬಾಸ್ ಆದರೆ ಉಜ್ಜಲೇಬಾರದು, ಗೀರು ಹೋದ ಕಡೆ ಹೊಳೆಯುವ ಕಲೆ ಉಳಿಯುತ್ತದೆ. ನೀರು ಬಳಸಿ ಉಜ್ಜುವಾಗ ಸ್ಕ್ರೂ ರಂಧ್ರಗಳಿಗೆ ಮೇಣ ಒತ್ತಿರಬೇಕು. ಒಳಹೋದ ನೀರಿಗೆ ಮರ ಉಬ್ಬಿದರೆ ರಂಧ್ರದ ಸುತ್ತ ಮೆರುಗು ಸೀಳುತ್ತದೆ.

ಉಗುರು ತಡೆಯುವ ಗೀರಿಗೆ, ಚಕ್ಕೆ ಎದ್ದ ಜಾಗಕ್ಕೆ ಬೇರೆ ದಾರಿಯಿದೆ. ಪಾಲಿಯೆಸ್ಟರ್ ಮೈಯಾದರೆ ಫೆವಿಕ್ವಿಕ್‌ನಂಥ ಸಯನೊಆಕ್ರಿಲೇಟ್ ಅಂಟನ್ನು ಸೂಜಿಯ ಮೊನೆಯಿಂದ ಹನಿಹನಿಯಾಗಿ, ಒಂದು ಆರಿದ ಮೇಲೆ ಇನ್ನೊಂದರಂತೆ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುವವರೆಗೆ ತುಂಬುತ್ತಾರೆ. ಪೂರ್ತಿ ಗಟ್ಟಿಯಾದ ಮೇಲೆ ಬ್ಲೇಡಿನ ಎರಡೂ ತುದಿಗಳಿಗೆ ಟೇಪು ಸುತ್ತಿ ನಡುವಿನ ಅಲಗನ್ನಷ್ಟೇ ಬಿಟ್ಟುಕೊಂಡು ಹೆರೆಯುತ್ತಾರೆ. ಟೇಪಿನ ದಪ್ಪ ಸುತ್ತಲಿನ ಮೆರುಗನ್ನು ಕಾಯುತ್ತದೆ, ಅಲಗು ಉಬ್ಬಿದ್ದನ್ನು ಮಾತ್ರ ತೆಗೆಯುತ್ತದೆ. ನೈಟ್ರೋಸೆಲ್ಯುಲೋಸ್ ಆದರೆ ಅದೇ ಲ್ಯಾಕರನ್ನು ಹನಿಸಿ, ವಾರಗಟ್ಟಲೆ ಆರಲು ಬಿಟ್ಟು, ಆಮೇಲೆ ಮಟ್ಟ ಮಾಡುತ್ತಾರೆ. ಈ ಎರಡು ರೀತಿಯಲ್ಲೂ ಗೀರಿಗಾಗಿ ಇಡೀ ಮೈಯನ್ನು ತೆಳುಗೊಳಿಸುವ ಪ್ರಮೇಯ ಬರುವುದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಪಾಲಿಯೆಸ್ಟರ್ ಸಾಕಷ್ಟು ದಪ್ಪವಿರುವಾಗ ಇಷ್ಟು ಅಂಜಿಕೆ ಏಕೆ ಎಂಬುದು ಮೊದಲನೆಯದು. ಸಪಾಟಾದ ನಡುಭಾಗದಲ್ಲಿ ಈ ಮಾತು ನಿಜ, ಅಲ್ಲಿ ಒಂದೆರಡು ಸಲ ಉಜ್ಜಿದರೆ ಏನೂ ಆಗುವುದಿಲ್ಲ. ಆದರೆ ಉಳಿದ ದಪ್ಪವನ್ನು ಅಳೆಯುವ ಬಗೆ ಹೇಗೆ? ಕಾರಿನ ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಮೀಟರು ಅಡಿಯಲ್ಲಿ ಲೋಹವಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಮರದ ಮೇಲೆ ಅದು ಕುರುಡು. ಸೆಕೆಂಡ್ ಹ್ಯಾಂಡ್ ಕೊಂಡ ಬಾಸ್ ಆದರೆ ಹಿಂದಿನವರು ಎಷ್ಟು ಸಲ ಉಜ್ಜಿದ್ದಾರೆ ಎಂಬುದೂ ತಿಳಿಯದು. ಅಳತೆಗೆ ಸಿಗದ್ದನ್ನು ಖರ್ಚು ಮಾಡುವಾಗ ಕೈ ಹಿಡಿತದಲ್ಲಿರುವುದೇ ವಿವೇಕ.

ಎಲ್ಲ ಮೆರುಗನ್ನೂ ಕೆರೆದು ತೆಗೆದು ಹೊಸದಾಗಿ ಸ್ಪ್ರೇ ಮಾಡಿಸಿದರೆ ಗೀರಿನ ಕಾಟವೇ ಇರದಲ್ಲ ಎಂಬುದು ಎರಡನೆಯ ಆಕ್ಷೇಪ. ಮರ ಕಾಣುವಷ್ಟು ಹಾಳಾದ ವಾದ್ಯಕ್ಕೆ ಅದು ತಕ್ಕ ಉಪಾಯ, ನಾಲ್ಕು ಗೀರಿಗೆ ಅಲ್ಲ. ಕೊಂಕಣದ ಹವೆಯಲ್ಲಿ ಇದರ ತೊಡಕೂ ಹೆಚ್ಚು. ಉಲ್ಹಾಸ್ ನದಿಯ ಮಗ್ಗುಲಲ್ಲಿರುವ ಠಾಕುರ್ಲಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತುಂಬ ನೀರು. ಲ್ಯಾಕರ್ ಹೊಡೆದಾಗ ಥಿನ್ನರ್ ಬೇಗಬೇಗ ಆವಿಯಾಗಿ ಮೈ ತಣ್ಣಗಾಗುತ್ತದೆ, ಆ ತಂಪಿಗೆ ಗಾಳಿಯ ತೇವ ಸೇರಿಕೊಂಡು ಮೆರುಗು ಬೆಳ್ಳಗಾಗುತ್ತದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರೆಥೇನಿನಲ್ಲಿ ಐಸೊಸಯನೇಟ್ ಇರುತ್ತದೆ, ಅದರ ಮಂಜನ್ನು ಉಸಿರಾಡಿದರೆ ಆಸ್ತಮಾ ಬರಬಹುದು. ಗೋಡೆಗೆ ಗೋಡೆ ತಾಗಿದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಾಡುವ ಕೆಲಸ ಅದಲ್ಲ. ನೆರೆಮನೆಯ ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ.

ಮೂರನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ. ಬಾಸ್‌ನ ನಾದ ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸುವುದರಿಂದ ಹುಟ್ಟುತ್ತದೆ, ಗೀರಿನಿಂದ ನಾದಕ್ಕೇನೂ ಕುಂದಿಲ್ಲ, ಹಾಗಿರುವಾಗ ಎಲ್ಲ ಗೀರನ್ನೂ ಬಿಟ್ಟುಬಿಡಬಾರದೇಕೆ? ಗೀರೇ ವಾದ್ಯದ ಸೊಗಸು ಎನ್ನುವವರೂ ಇದ್ದಾರೆ. 1990ರ ದಶಕದ ನಡುವಿನಿಂದ ಫೆಂಡರ್ ತಾನೇ ಕಾರ್ಖಾನೆಯಲ್ಲಿ ಸವೆಸಿ, ಚಕ್ಕೆ ಎಬ್ಬಿಸಿ ಹೊಸ ಗಿಟಾರುಗಳನ್ನು ಮಾರುತ್ತ ಬಂದಿದೆ. ನಾದದ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಮೆರುಗು ಇರುವುದು ನೋಟಕ್ಕಷ್ಟೇ ಅಲ್ಲ. ಬಾಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಕಿತ್ತ ತನ್ನ 1962ರ ಫೆಂಡರ್ ಜ್ಯಾಜ್ ಬಾಸ್‌ನ ಬೆರಳುಪಟ್ಟಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಹಚ್ಚಿದ. ಒರಟು ತಂತಿಗಳು ಬರಿಯ ಮರವನ್ನು ತಿಂದುಹಾಕುತ್ತಿದ್ದವು. ಮೆರುಗಿನ ಕೆಲಸ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಮರ ತಿನ್ನಬೇಕಾದ ಪೆಟ್ಟನ್ನು ತಾನು ತಿನ್ನಲೆಂದೇ ಅದನ್ನು ಹಚ್ಚುವುದು. ಮರದವರೆಗೆ ಇಳಿದ ಗೀರು ಆ ಕಾವಲಿನಲ್ಲಿ ಬಿದ್ದ ಕಂಡಿ. ಅದರ ಮೂಲಕ ಬೆವರೂ ಮಳೆಗಾಲದ ತೇವವೂ ಒಳನುಗ್ಗಿ ಸುತ್ತಲಿನ ಮೆರುಗನ್ನು ಎಬ್ಬಿಸುತ್ತವೆ, ಅದನ್ನು ಮುಚ್ಚಲೇಬೇಕು. ಮರದವರೆಗೆ ಇಳಿಯದ ಗೀರು, ಕಾವಲು ತನ್ನ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಅದನ್ನು ಅಳಿಸಲು ಕಾವಲನ್ನೇ ತೆಳುವಾಗಿಸುವುದು ಸರಿಯಾದ ಲೆಕ್ಕವಲ್ಲ.

ಹಾಗೆಂದು ಅಂದದ ಆಸೆಯನ್ನು ಹಗುರವಾಗಿ ಕಾಣಬೇಕಿಲ್ಲ. ದಿನವೂ ಕೈಗೆತ್ತಿಕೊಳ್ಳುವ ವಾದ್ಯ ಕಣ್ಣಿಗೂ ಹಿತವಾಗಿರಲಿ ಎನ್ನುವುದು ನ್ಯಾಯವೇ. ಬಕಲ್ಲಿನ ನವುರಾದ ಗೆರೆಗಳನ್ನು ಒಂದು ಸಂಜೆ ಕೂತು ಪಾಲಿಶಿನಿಂದ ಮಾಸಿಸಿದರೆ ತಪ್ಪಿಲ್ಲ, ಅದಕ್ಕಿಂತ ಮುಖ್ಯವಾಗಿ ಬೆಲ್ಟಿನ ಬಕಲನ್ನು ಪಕ್ಕಕ್ಕೆ ಸರಿಸಿಕೊಂಡು ನುಡಿಸಬಹುದು, ದಪ್ಪ ಒಳಪದರದ ಚೀಲ ಕೊಳ್ಳಬಹುದು, ನುಡಿಸಿದ ಮೇಲೆ ಬೆವರು ಒರೆಸಬಹುದು. ನೈಟ್ರೋಸೆಲ್ಯುಲೋಸ್ ಮೈಯ ವಾದ್ಯವನ್ನು ರಬ್ಬರ್ ಹಿಡಿಕೆಯ ಸ್ಟ್ಯಾಂಡಿಗೆ ಒರಗಿಸದಿರಬಹುದು, ಯಾಕೆಂದರೆ ಹಲವು ಬಗೆಯ ರಬ್ಬರು ಆ ಲ್ಯಾಕರನ್ನು ಮೆತ್ತಗಾಗಿಸುತ್ತವೆ. ಇವು ಯಾವುವೂ ಮೆರುಗಿನಿಂದ ಏನನ್ನೂ ಕಳೆಯುವುದಿಲ್ಲ. ಒಳ್ಳೆಯ ಬಾಸ್ ಗಿಟಾರ್ ಒಬ್ಬರ ಕೈಯಲ್ಲೇ ಮುಗಿಯುವ ವಸ್ತುವಲ್ಲ. ಅದು ಕೊಂಡವರಿಂದ ಮಕ್ಕಳಿಗೋ ಶಿಷ್ಯರಿಗೋ ಗುರುತಿಲ್ಲದ ಕಲಿಯುವವರಿಗೋ ದಾಟುತ್ತದೆ. ಅವರಿಗೂ ಲೋಕಲ್ ರೈಲಿನ ಬಾಗಿಲು, ಮಳೆಗಾಲ, ವೇದಿಕೆಯ ಗಡಿಬಿಡಿ ತಪ್ಪಿದ್ದಲ್ಲ, ಅವರ ಕಾಲದಲ್ಲೂ ಗೀರು ಬೀಳುತ್ತದೆ. ಅದನ್ನು ತಡೆದುಕೊಳ್ಳುವಷ್ಟು ಪದರವನ್ನು ಉಳಿಸಿ ಕೊಡುವುದು ಇಂದು ವಾದ್ಯ ಹಿಡಿದವರ ಹೊಣೆ. ಆ ಹೊಣೆಯ ಮುಂದೆ ಹೊಳಪಿನ ಸ್ಥಾನ ಎರಡನೆಯದು.