ಶೆಟ್ಟಿಹಳ್ಳಿಯಲ್ಲಿ ಸಿಕ್ಕ ಕರಾಟೆ ಕಿಂಗ್

ಶೆಟ್ಟಿಹಳ್ಳಿಗೆ ಹೊರಟಿದ್ದೀನಿ ಅಂದಾಗ ಗೆಳೆಯರೊಬ್ಬರು, ‘ಮುಳುಗೋ ಚರ್ಚ್ ನೋಡೋಕಾ?’ ಎಂದರು. ಅದು ಹಾಸನದ ಶೆಟ್ಟಿಹಳ್ಳಿ. ಹೇಮಾವತಿಯ ಹಿನ್ನೀರು ಏರಿದರೆ ಅರ್ಧ ಮುಳುಗಿ, ಇಳಿದರೆ ಮತ್ತೆ ತಲೆಯೆತ್ತುವ ಹಳೇ ಚರ್ಚು ಅಲ್ಲಿದೆ. ನನ್ನದು ಬೆಂಗಳೂರಿನ ಶೆಟ್ಟಿಹಳ್ಳಿ. ಜಾಲಹಳ್ಳಿ, ದಾಸರಹಳ್ಳಿ, ಅಬ್ಬಿಗೆರೆಗಳ ನಡುವೆ ಸಿಕ್ಕಿಕೊಂಡು, ತನ್ನ ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿಸಿಕೊಂಡ ಬಡಾವಣೆ. ‘ಅಲ್ಲೇನಿದೆ ನೋಡೋಕೆ?’ ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನನಗೂ ಗೊತ್ತಿರಲಿಲ್ಲ. ಪರಿಚಯದವರ ಗೃಹಪ್ರವೇಶದ ಊಟ, ಅಷ್ಟೇ.

ಜಾಲಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದರೆ ತುಮಕೂರು ರಸ್ತೆಯ ಗದ್ದಲ. ಪೀಣ್ಯದ ಪಾಳಿ ಬಿಟ್ಟ ಹೊತ್ತು. ಊಟದ ಡಬ್ಬಿ ಹಿಡಿದವರು, ಬ್ಯಾಗು ಬೆನ್ನಿಗೆ ಹಾಕಿದವರು, ಎಲ್ಲರಿಗೂ ಮನೆ ಸೇರುವ ಅವಸರ. ಕೆಳಗೆ ಆಟೋಗಳು ಒಂದರ ಬೆನ್ನಿಗೆ ಒಂದು ನಿಂತಿದ್ದವು. ಸುಮ್ಮನೆ ಎಣಿಸಿದೆ. ಏಳು ಆಟೋ. ಐದರ ಬೆನ್ನ ಮೇಲೆ ಒಬ್ಬನೇ ಮನುಷ್ಯ: ಶಂಕರ್ ನಾಗ್.

ನಾಲ್ಕು ಸ್ಟಿಕ್ಕರ್, ಒಂದು ಕೈಯಲ್ಲಿ ಬರೆದದ್ದು. ಆ ಕೈಬರಹದ ಚಿತ್ರದ ಹತ್ತಿರ ಹೋಗಿ ನಿಂತೆ. ಹಿಂದೆ ಹಳದಿ ಕೆಂಪು ಬಾವುಟ. ಹಣೆ ಮೇಲೆ ಬಿದ್ದ ಕೂದಲು, ದಪ್ಪ ಮೀಸೆ, ಎದೆ ಮಟ್ಟಕ್ಕೆ ಎತ್ತಿದ ಎರಡು ಮುಷ್ಟಿ. ಬರೆದವನಿಗೆ ಮುಷ್ಟಿ ಅಷ್ಟು ಸರಿಯಾಗಿ ಬಂದಿರಲಿಲ್ಲ, ಒಂದು ಕೈಗೆ ಆರು ಬೆರಳಿದ್ದಂತೆ ಕಾಣುತ್ತಿತ್ತು. ಕಣ್ಣು ಮಾತ್ರ ಬಂದಿತ್ತು. ನಗಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಆ ಕಣ್ಣು. ಇಂಜಿನ್ ಮುಚ್ಚಳದ ಬಿಸಿಗೆ ಎದೆಯ ಕೆಳಗಿನ ಬಣ್ಣ ಬಿರಿದು ಚಕ್ಕೆ ಎದ್ದಿತ್ತು. ಹಳೇ ದೇವಸ್ಥಾನದ ಗಾರೆ ಗೊಂಬೆಯ ಹಾಗೆ.

‘ಶೆಟ್ಟಿಹಳ್ಳಿ ಬರ್ತೀರಾ?’

‘ಹತ್ರಿ ಸರ.’

ಮಾತಿನಲ್ಲೇ ಗೊತ್ತಾಯಿತು, ಹುಡುಗ ಉತ್ತರ ಕರ್ನಾಟಕದವನು. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಶಂಕರ್ ನಾಗ್ ಪಿಕ್ಚರ್ ಯಾವುದು ನೋಡಿದ್ದೀಯಪ್ಪ ಎಂದೆ. ‘ಎಲ್ಲಾ ಮೊಬೈಲ್‌ನ್ಯಾಗ ನೋಡೀನ್ರಿ. ನಮ್ಮಪ್ಪ ಟಾಕೀಸ್‌ನ್ಯಾಗ ನೋಡ್ಯಾನ. ಶಂಕ್ರಣ್ಣಂದು ಕರಾಟೆ ಅಂದ್ರ ಕರಾಟೆರಿ.’ ಹೀಗೆಂದು ಹ್ಯಾಂಡಲ್‌ನಿಂದ ಒಂದು ಕೈ ತೆಗೆದು ಗಾಳಿಗೆ ಒಂದು ಏಟು ಕೊಟ್ಟ. ಪಕ್ಕದ ನೀರಿನ ಟ್ಯಾಂಕರಿನವನು ಹಾರ್ನ್ ಒತ್ತಿದ.

ನನಗೆ ಬೆರಗಾದದ್ದು ಇದೇ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಇವನು ಆಗ ಹುಟ್ಟಿರಲಿಲ್ಲ. ಇವನು ಆಟೋ ಓಡಿಸುವ ಈ ಬೀದಿಗಳಲ್ಲಿ ಎಷ್ಟೋ ಆಗ ಬೀದಿಗಳೇ ಆಗಿರಲಿಲ್ಲ. ಮನುಷ್ಯ ಹೋದಮೇಲೆ ಬೆಳೆದ ಊರಿನಲ್ಲಿ, ಹೋದಮೇಲೆ ಹುಟ್ಟಿದವರ ಬಾಯಲ್ಲಿ ‘ಅಣ್ಣ’ ಆಗಿ ಉಳಿಯುವುದು ಹೇಗೆ?

‘ಕರಾಟೆ ಕಿಂಗ್’ ಅನ್ನೋದು ಅಭಿಮಾನಿಗಳು ಕೊಟ್ಟ ಬಿರುದು. ಅದರ ಹಿಂದೆ ಒಂದು ಕಾಲದ ಹುಚ್ಚಿದೆ. 1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ಬ್ರೂಸ್ ಲೀ 32ನೇ ವಯಸ್ಸಿಗೆ ತೀರಿಕೊಂಡ. ಅದೇ ವರ್ಷ ಬಂದ ‘ಎಂಟರ್ ದ ಡ್ರ್ಯಾಗನ್’ ಲೋಕವನ್ನೆಲ್ಲ ಗಾಳಿಯಲ್ಲಿ ಕಾಲೆತ್ತುವಂತೆ ಮಾಡಿತು. ಅವನದು ಕುಂಗ್‌ಫೂ, ಕರಾಟೆ ಜಪಾನಿನದು ಎಂಬ ವ್ಯತ್ಯಾಸ ನಮ್ಮವರಿಗೆ ಬೇಕಿರಲಿಲ್ಲ. ಬರಿಗೈಯಲ್ಲಿ ಹತ್ತು ಜನರನ್ನು ಉರುಳಿಸಿದರೆ ಕರಾಟೆ, ಮುಗಿಯಿತು. ಗರಡಿ ಮನೆಯ ಮಣ್ಣು ಮೈಗೆ ಬಳಿದುಕೊಂಡು ಪೈಲ್ವಾನರಾಗುತ್ತಿದ್ದ ಊರುಗಳ ಹುಡುಗರು ಬಿಳಿ ಬಟ್ಟೆ ತೊಟ್ಟು, ಬಣ್ಣದ ಬೆಲ್ಟ್ ಕಟ್ಟತೊಡಗಿದರು. ಆ ಹುಚ್ಚಿಗೆ ಕನ್ನಡದ್ದೇ ಒಂದು ಮುಖ ಬೇಕಿತ್ತು.

ಸಿಕ್ಕಿದ್ದು ವಿಚಿತ್ರ ಮುಖ. ಹೊನ್ನಾವರದ ಕಡೆಯ ಹುಡುಗ, ಹುಟ್ಟಿದ್ದು 1954ರ ನವೆಂಬರ್ 9. ಬೆಳೆದು ಪಳಗಿದ್ದು ಮುಂಬೈಯ ಮರಾಠಿ ರಂಗಭೂಮಿಯಲ್ಲಿ. ಕೊಂಚ ಮುಂದೆ ಬಾಗಿದ ನಡಿಗೆ, ಒಡೆದ ಗಂಟಲು, ಒಂದರ ಮೇಲೊಂದು ಬೀಳುವ ಮಾತು. ಫೈಟ್ ಹೀರೋಗೆ ಹೇಳಿ ಮಾಡಿಸಿದ ಮೈಕಟ್ಟೇನೂ ಅಲ್ಲ. ನನ್ನ ಕೇಳಿದರೆ, ಅವರ ಒದೆತ ಬ್ರೂಸ್ ಲೀಯ ಒದೆತದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅವರ ಮೈಯಲ್ಲೊಂದು ಅವಸರವಿತ್ತು. ಹೊಡೆದು ಮುಗಿಸಿ ಇನ್ನೆಲ್ಲಿಗೋ ಹೋಗಬೇಕಿದೆ ಎಂಬಂಥ ಅವಸರ. 1980ರ ‘ಆಟೋ ರಾಜ’ದಲ್ಲಿ ಖಾಕಿ ತೊಟ್ಟು ಮೂರು ಗಾಲಿಯ ಮೇಲೆ ಕೂತಾಗ ಆ ಅವಸರಕ್ಕೆ ತಕ್ಕ ಗಾಡಿ ಸಿಕ್ಕಿತು. ಚಾಲಕರು ಆವತ್ತು ಏರಿಸಿಕೊಂಡವರು, ಇಳಿಸಿಲ್ಲ.

ಶೆಟ್ಟಿಹಳ್ಳಿ ಮುಖ್ಯರಸ್ತೆಗೆ ತಿರುಗಿದೆವು. ಬೇಕರಿ, ಪಿಜಿ, ಮೆಡಿಕಲ್ ಶಾಪು, ಮತ್ತೆ ಬೇಕರಿ. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕರಾಟೆ ಕ್ಲಾಸು. ಕಿಟಕಿಯಿಂದ ಮಕ್ಕಳ ‘ಹಾಯ್!’ ಕೂಗು ಒಟ್ಟಿಗೆ ಹೊರಬಂದು ರಸ್ತೆಗೆ ಬೀಳುತ್ತಿತ್ತು. ಟ್ರಾಫಿಕ್ಕಿನಲ್ಲಿ ನಿಂತೇ ಮೇಲೆ ನೋಡಿದೆ. ಬಿಳಿ ಬಟ್ಟೆಯ ಪುಟ್ಟ ಹುಡುಗಿಯೊಬ್ಬಳು ಕಾಲೆತ್ತಿ, ಆಯ ತಪ್ಪಿ ಬಿದ್ದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ ಎದ್ದಳು. ನಾನು ಬೇಕರಿಯ ಬೋರ್ಡು ಓದತೊಡಗಿದೆ.

ಶಂಕರ್ ನಾಗ್ ಕಾಳಗದ ಕಲೆ ಅಂದರೆ ನನ್ನ ಕಣ್ಣ ಮುಂದೆ ಬರುವುದು ಕರಾಟೆ ಅಲ್ಲವೇ ಅಲ್ಲ. ಅವರ ಮೊದಲ ಕನ್ನಡ ಚಿತ್ರ, 1978ರ ‘ಒಂದಾನೊಂದು ಕಾಲದಲ್ಲಿ’. ಗಿರೀಶ ಕಾರ್ನಾಡರು ಜಪಾನಿನ ಕುರೊಸಾವಾನ ಸಮುರಾಯ್ ಚಿತ್ರಗಳಿಗೆ ಮನಸೋತು, ಅದನ್ನು ಹೊಯ್ಸಳರ ಕಾಲದ ಕರ್ನಾಟಕಕ್ಕೆ ತಂದು ನಿಲ್ಲಿಸಿದ ಚಿತ್ರ. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್, ಎದುರು ಪಾಳಯದ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ದಾಯಾದಿ ಒಡೆಯರ ಜಗಳಕ್ಕೆ ಇವರಿಬ್ಬರ ಮೈ ಬಂಡವಾಳ. ಅಲ್ಲಿ ಏಟಿಗೆ ಏಟು ಬೀಳುವ ಮುಂಚಿನ ಮೌನ ನೋಡಬೇಕು. ಶಂಕರ್ ಸುಮ್ಮನೆ ನಿಂತಿರುತ್ತಾರೆ. ಕಣ್ಣು ಅಳೆಯುತ್ತಿರುತ್ತದೆ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ, ಹೊಸಬ. ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವ ಆ ಪಾತ್ರಕ್ಕೆ ಶ್ರೇಷ್ಠ ನಟನೆಂದು ಬೆಳ್ಳಿ ನವಿಲು ಕೊಟ್ಟಿತು. ಆಮೇಲಿನ ಎಷ್ಟೋ ಫೈಟುಗಳು ಆ ನಿಲುವಿನ ಮುಂದೆ ಬರೀ ಸದ್ದು.

ಆ ಫೈಟುಗಳ ದುಡ್ಡು ಬೇರೆಲ್ಲಿಗೋ ಹರಿಯುತ್ತಿತ್ತು ಎನ್ನುವುದನ್ನೂ ಹೇಳಬೇಕು. ನಾಟಕಕ್ಕೆ, ಸಂಕೇತ್ ಸ್ಟುಡಿಯೋಗೆ, ತಾವೇ ನಿರ್ದೇಶಿಸಿದ ‘ಮಿಂಚಿನ ಓಟ’, ‘ಆಕ್ಸಿಡೆಂಟ್’ನಂಥ ಚಿತ್ರಗಳಿಗೆ. ಆಗುಂಬೆಯನ್ನು ಮಾಲ್ಗುಡಿ ಮಾಡಿದರು. ನಂದಿ ಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ ಎಂದು ಆಗಲೇ ಕನಸುತ್ತಿದ್ದರು ಎಂದು ಅವರ ಹತ್ತಿರದವರು ಹೇಳುತ್ತಲೇ ಬಂದಿದ್ದಾರೆ. ನಾನು ಇಳಿದು ಬಂದ ಜಾಲಹಳ್ಳಿ ನಿಲ್ದಾಣ ತೆರೆದದ್ದು 2015ರಲ್ಲಿ.

ಈ ಸೀಮೆಗೆ ಅವರ ಇನ್ನೊಂದು ನಂಟು ಆಟೋದಲ್ಲಿ ಕೂತಾಗಲೇ ಹೊಳೆಯಿತು. 1988ರ ‘ಸಾಂಗ್ಲಿಯಾನ’ ಚಿತ್ರಕ್ಕೆ ಹೆಸರು ಸಿಕ್ಕಿದ್ದು ಮಿಜೋರಾಂ ಮೂಲದ ನಿಜವಾದ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನರಿಂದ. ಇವತ್ತು ಶೆಟ್ಟಿಹಳ್ಳಿ ಸೇರಿರುವ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಿಂದಲೇ ಆ ಅಧಿಕಾರಿ 2004ರಲ್ಲಿ ಗೆದ್ದರು. ಅದರಲ್ಲಿ ಶಂಕರ್ ನಾಗ್ ಓಟೂ ಒಂದಿಷ್ಟು ಇತ್ತು ಅಂತ ನನ್ನ ಗುಮಾನಿ. ಹುಡುಗನಿಗೆ ಹೇಳಿದೆ. ‘ಅವ್ರು ಖರೇ ಮನಷ್ಯಾ ಏನ್ರಿ?’ ಎಂದು ಪೂರ್ತಿ ಹಿಂದೆ ತಿರುಗಿಬಿಟ್ಟ. ‘ಮುಂದೆ ನೋಡಪ್ಪ’ ಎಂದೆ.

ರಸ್ತೆಯ ಮಾತು ಬಂದಾಗ ಇಬ್ಬರೂ ಸುಮ್ಮನಾದೆವು. ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆ ಹೊರಟಿದ್ದ ಶಂಕರ್ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಲಾರಿಗೆ ಬಡಿಯಿತು. ವಯಸ್ಸು 35. ಹನ್ನೆರಡು ವರ್ಷದಲ್ಲಿ 80ಕ್ಕೂ ಹೆಚ್ಚು ಚಿತ್ರ. ‘ನಾ ಆ ಕಡಿ ಊರಿಗೆ ಹೋಗೋ ಮುಂದ ಆನಗೋಡ ಬಂದಾಗ ಬಸ್‌ನ್ಯಾಗ ಎದ್ದ ಕೂಡ್ತೀನ್ರಿ’ ಎಂದ. ಎಷ್ಟೇ ನಿದ್ದೆ ಬಂದಿದ್ದರೂ.

ಗೃಹಪ್ರವೇಶದ ಮನೆ ಮುಂದೆ ಇಳಿದೆ. ಮೀಟರ್ ತೋರಿಸಿದಷ್ಟೇ ತೆಗೆದುಕೊಂಡ. ಮೇಲೆ ಇಪ್ಪತ್ತು ಕೇಳಲಿಲ್ಲ. ಬೆಂಗಳೂರಿನವರಿಗೆ ಇದು ಎಂಥ ಸುದ್ದಿ ಎಂದು ಬಿಡಿಸಿ ಹೇಳಬೇಕಿಲ್ಲ. ‘ಒಂದಾನೊಂದು ಕಾಲದಲ್ಲಿ ನೋಡಿದ್ದೀಯಾ?’ ಎಂದು ಕೇಳಿದೆ. ಅದೊಂದು ನೋಡಿಲ್ಲವಂತೆ. ಹೆಸರನ್ನು ಫೋನಿನಲ್ಲಿ ಬರೆದುಕೊಂಡ.

ನೀವೂ ನೋಡಿಲ್ಲದಿದ್ದರೆ ನೋಡಿ. ಫೈಟ್ ಬರುವವರೆಗೆ ಓಡಿಸಬೇಡಿ, ಅವರು ಸುಮ್ಮನೆ ನಿಂತಿರುವಾಗ ನೋಡಿ.